ತೂಕದ ಪಟ್ಟಿ ನೋಡಿ ತೀರ್ಪು ಕೊಡಬೇಡಿ

ಹೆವಿವೇಟ್ ಬಾಕ್ಸಿಂಗ್ ಪಂದ್ಯ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಇಬ್ಬರ ಎತ್ತರ, ತೂಕ, ತೋಳಿನ ಉದ್ದ. ಅದು ಬಂದದ್ದೇ ತಡ, ನೀವು ತೀರ್ಪು ಬರೆದುಬಿಡುತ್ತೀರಿ. 'ಇವನು ಆರಡಿ ಒಂಬತ್ತಿಂಚು, ಅವನು ಆರಡಿ ಮೂರಿಂಚು, ಇನ್ನೇನು ನೋಡೋದಿದೆ' ಅಂತ ಸೋಫಾದ ಮೇಲೆ ಕಾಲು ಚಾಚುತ್ತೀರಿ. ಹನ್ನೆರಡು ಸುತ್ತು ಮುಗಿದು ರೆಫರಿ ಚಿಕ್ಕವನ ಕೈ ಮೇಲೆತ್ತಿದಾಗ 'ಮೋಸ, ಎಲ್ಲ ದುಡ್ಡಿನ ಆಟ' ಅನ್ನುತ್ತೀರಿ. ನಡುವೆ ಏನಾಯಿತು ಅಂತ ಕೇಳಿದರೆ ಗೊತ್ತಿಲ್ಲ, ಫೋನ್ ನೋಡುತ್ತಿದ್ದಿರಿ. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ನಿದ್ದೆಗೆಟ್ಟು ಪಂದ್ಯ ನೋಡುವವರು ಅದನ್ನು ನೆಟ್ಟಗೆ ನೋಡುವುದನ್ನಾದರೂ ಕಲಿಯಬೇಡವೇ?

2024ರ ಮೇ 18ರ ರಾತ್ರಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಪಂದ್ಯ ನೆನಪಿದೆಯಲ್ಲ? ನಮ್ಮಲ್ಲಿ ಆಗ ಭಾನುವಾರ ಬೆಳಗಿನ ಜಾವ. ಒಂದು ಕಡೆ ಬ್ರಿಟನ್ನಿನ ಟೈಸನ್ ಫ್ಯೂರಿ, ಎತ್ತರ 6 ಅಡಿ 9 ಇಂಚು, ತೂಕ 119 ಕೆ.ಜಿ. ಇನ್ನೊಂದು ಕಡೆ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, 6 ಅಡಿ 3 ಇಂಚು, ಸುಮಾರು 101 ಕೆ.ಜಿ. ನಾಲ್ಕರಿಂದ ಏಳನೇ ಸುತ್ತಿನವರೆಗೆ ದೊಡ್ಡವನದೇ ಆಟ. ಹೊಟ್ಟೆಗೆ ಗುದ್ದಿದ, ಕೆಳಗಿನಿಂದ ಅಪ್ಪರ್‌ಕಟ್ ಹಾಕಿದ, ನಡುನಡುವೆ ಕೋಡಂಗಿಯಾಟವನ್ನೂ ಆಡಿದ. ಅಷ್ಟು ಹೊತ್ತಿಗೆ ನೀವು ಕಾಫಿ ಮಾಡಲು ಎದ್ದು ಹೋಗಿದ್ದರೆ ಒಂಬತ್ತನೇ ಸುತ್ತು ತಪ್ಪಿಹೋಗಿರುತ್ತದೆ. ಉಸಿಕ್‌ನ ಎಡಗೈ ಹೊಡೆತ ಸರಿಯಾಗಿ ಬಿತ್ತು. ಅಷ್ಟೆತ್ತರದ ಆಳು ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ತೂರಾಡುತ್ತ ಹೋದ. ಹಗ್ಗ ತಡೆಯದಿದ್ದರೆ ನೆಲಕ್ಕೇ ಬೀಳುತ್ತಿದ್ದ. ರೆಫರಿ ನಡುವೆ ಬಂದು ಎಂಟರವರೆಗೆ ಎಣಿಸಿದರು. ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕ್ ಗೆದ್ದ ಅಂದರು. ಅದೇ ವರ್ಷ ಡಿಸೆಂಬರ್ 21ರಂದು ಮರುಪಂದ್ಯ. ಫ್ಯೂರಿ ಈ ಸಲ 127 ಕೆ.ಜಿ. ದಾಟಿ ಬಂದ. ತೂಕ ಹಾಕಿಕೊಂಡರೆ ಚಿಕ್ಕವನನ್ನು ಒತ್ತಿ ದಣಿಸಬಹುದು ಅಂತ ಬಹಳ ಜನ ಲೆಕ್ಕ ಹಾಕಿದ್ದರು. ಮೂವರು ತೀರ್ಪುಗಾರರೂ 116-112 ಅಂತ ಉಸಿಕ್‌ಗೇ ಬರೆದರು. ಎಂಟು ಕೆ.ಜಿ. ಜಾಸ್ತಿ ತಂದವನಿಗೆ ಒಂದು ಸುತ್ತಿನ ಲಾಭವೂ ಆಗಲಿಲ್ಲ.

ಇದನ್ನು ಓದಿ ಈಗ ಇನ್ನೊಂದು ತುದಿಗೆ ಹಾರಬೇಡಿ. 'ಗಾತ್ರಕ್ಕೆ ಬೆಲೆಯೇ ಇಲ್ಲ, ಯುಕ್ತಿಯೇ ಎಲ್ಲ' ಅನ್ನುವುದೂ ಅಷ್ಟೇ ದಡ್ಡತನ. ಗಾತ್ರಕ್ಕೆ ಬೆಲೆ ಇರದಿದ್ದರೆ ಬಾಕ್ಸಿಂಗ್‌ನಲ್ಲಿ ಇಷ್ಟೊಂದು ತೂಕದ ವರ್ಗಗಳನ್ನು ಯಾಕೆ ಮಾಡುತ್ತಿದ್ದರು? ಐವತ್ತು ಕೆ.ಜಿ.ಯವನನ್ನು ತೊಂಬತ್ತು ಕೆ.ಜಿ.ಯವನ ಮುಂದೆ ನಿಲ್ಲಿಸಿದರೆ ಅದು ಆಟವಲ್ಲ, ಅಪರಾಧ. ಉದ್ದ ತೋಳಿದ್ದವನು ದೂರದಿಂದಲೇ ಮುಟ್ಟುತ್ತಾನೆ, ಭಾರವಿದ್ದವನು ಮೈಮೇಲೆ ಒರಗಿದರೆ ಎದುರಾಳಿಯ ಕಾಲು ಸೋಲುತ್ತದೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹೆವಿವೇಟ್ ಅಂದರೆ 200 ಪೌಂಡ್, ನಮ್ಮ ಲೆಕ್ಕದಲ್ಲಿ 90.7 ಕೆ.ಜಿ. ದಾಟಿದವರೆಲ್ಲ ಬಂದು ಸೇರುವ ವರ್ಗ. ಮೇಲೆ ಮಿತಿಯೇ ಇಲ್ಲ. ಅಲ್ಲಿಗೆ ಬಂದಮೇಲೆ ಎಲ್ಲರ ಕೈಯಲ್ಲೂ ಎದುರಾಳಿಯನ್ನು ಮಲಗಿಸುವಷ್ಟು ಬಲ ಇದ್ದೇ ಇರುತ್ತದೆ. ಹಾಗಾಗಿ ಅದರ ಮೇಲೆ ಇನ್ನೂ ಮೂವತ್ತು ಕೆ.ಜಿ. ಇದ್ದರೆ ಎಷ್ಟು ಉಪಯೋಗ, ಎಷ್ಟು ಹೊರೆ ಅನ್ನುವುದೇ ಪ್ರಶ್ನೆ. ಆ ಮೂವತ್ತು ಕೆ.ಜಿ.ಗೂ ಉಸಿರು ಬೇಕು, ಅದನ್ನೂ ಹೊತ್ತುಕೊಂಡು ಮೂವತ್ತಾರು ನಿಮಿಷ ಓಡಾಡಬೇಕು.

ಗಾತ್ರ ಒಂದೇ ಸಾಲದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಒಬ್ಬ ದೊಡ್ಡ ಆಳೇ: ವ್ಲಾದಿಮಿರ್ ಕ್ಲಿಚ್ಕೊ. ಆರೂವರೆ ಅಡಿ ಎತ್ತರ, ಶಿಲ್ಪಿ ಕಡೆದಂತಹ ಮೈಕಟ್ಟು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೂಪರ್ ಹೆವಿವೇಟ್ ಚಿನ್ನ. ಇಷ್ಟೆಲ್ಲ ಇದ್ದೂ 2003ರಲ್ಲಿ ದಕ್ಷಿಣ ಆಫ್ರಿಕಾದ ಕೋರಿ ಸ್ಯಾಂಡರ್ಸ್ ಎರಡೇ ಸುತ್ತಿನಲ್ಲಿ ಅವನನ್ನು ಮುಗಿಸಿದ. 2004ರಲ್ಲಿ ಲ್ಯಾಮನ್ ಬ್ರೂಸ್ಟರ್ ಐದನೇ ಸುತ್ತಿನಲ್ಲಿ ಕೆಡವಿದ. ಗೆಲ್ಲುವ ಪಂದ್ಯವನ್ನೇ ಅವನು ದಣಿದು ಕಳೆದುಕೊಂಡಿದ್ದ. 'ಗಾಜಿನ ಗಲ್ಲ, ಇವನ ಕಥೆ ಮುಗೀತು' ಅಂತ ಜನ ಎದ್ದು ಹೋದರು. ನೀವೂ ಇದ್ದಿದ್ದರೆ ಹಾಗೇ ಅನ್ನುತ್ತಿದ್ದಿರಿ, ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಅದೇ ಆಳು 2006ರಲ್ಲಿ ಮತ್ತೆ ಪಟ್ಟ ಗೆದ್ದು, 2015ರ ನವೆಂಬರ್‌ವರೆಗೆ, ಒಂಬತ್ತು ವರ್ಷಕ್ಕೂ ಮೇಲೆ, ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಈ ನಡುವೆ ಅವನು ಒಂದಿಂಚೂ ಎತ್ತರವಾಗಿರಲಿಲ್ಲ. ತೋಳೂ ಉದ್ದವಾಗಿರಲಿಲ್ಲ.

ಬದಲಾಗಿದ್ದು ಕಾಲು ಮತ್ತು ಎಡಗೈ. ಎಮಾನ್ಯುಯೆಲ್ ಸ್ಟೀವರ್ಡ್ ಅನ್ನುವ ಗುರು ಸಿಕ್ಕಿದ್ದರು. ಎದುರಾಳಿ ಒಳಗೆ ಬರುವ ಮುಂಚೆ ಎಡಗೈ ಜ್ಯಾಬ್‌ನಿಂದ ಅವನನ್ನು ತಡೆ, ಬಂದರೆ ಒಂದು ಹೆಜ್ಜೆ ಹಿಂದೆ ಸರಿ, ಅದೂ ಆಗದಿದ್ದರೆ ತಬ್ಬಿಕೊಂಡು ನಿನ್ನ ಭಾರ ಅವನ ಮೇಲೆ ಹಾಕು, ಉಸಿರು ಉಳಿಸಿಕೋ. ನೋಡುವವರಿಗೆ ಬೇಜಾರು ಬಂತು, ನಾನೂ ಎಷ್ಟೋ ಸಲ ಆಕಳಿಸಿದ್ದೇನೆ. ಆದರೆ ಎತ್ತರವನ್ನು ಕೆಲಸಕ್ಕೆ ಹಚ್ಚುವುದು ಅಂದರೆ ಅದೇ. ಕಲಿಯುವ ಮೊದಲು ಅವನ ಉದ್ದ ತೋಳು ಬರೀ ಉದ್ದವಾಗಿತ್ತು, ಕಲಿತ ಮೇಲೆ ಎದುರಾಳಿಗೆ ದಾಟಲಾಗದ ಬೇಲಿಯಾಯಿತು. ಕೊನೆಗೆ ಡ್ಯುಸೆಲ್‌ಡಾರ್ಫ್‌ನಲ್ಲಿ ಅವನನ್ನು ಸೋಲಿಸಿದ್ದು ಅವನಿಗಿಂತ ಎತ್ತರದ ಫ್ಯೂರಿಯೇ. ಅದಕ್ಕೇ 'ನೋಡಿ, ದೊಡ್ಡವನೇ ಗೆದ್ದ' ಅನ್ನಬೇಡಿ. ಆ ಪಂದ್ಯವನ್ನು ಮತ್ತೊಮ್ಮೆ ನೋಡಿ. ಫ್ಯೂರಿ ಬಲದಿಂದ ಗೆಲ್ಲಲಿಲ್ಲ. ತಲೆ ಅಲ್ಲಾಡಿಸುತ್ತ, ಹೊಡೆಯುವಂತೆ ಮಾಡಿ ಹೊಡೆಯದೆ, ಕಾಲು ಬದಲಿಸುತ್ತ ಕ್ಲಿಚ್ಕೊನನ್ನು ಗೊಂದಲದಲ್ಲಿಟ್ಟೇ ಗೆದ್ದ. ಬಾಕ್ಸಿಂಗ್ ಬಲ್ಲವರು ಫ್ಯೂರಿಯನ್ನು ಹೊಗಳುವಾಗಲೂ ಅವನ ಎತ್ತರವನ್ನಲ್ಲ, ಅಷ್ಟೆತ್ತರದವನಿಗೆ ಅಂತಹ ಕಾಲು ಹೇಗೆ ಬಂತು ಅಂತಲೇ ಹೊಗಳುವುದು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸ್ಟೀವರ್ಡ್ ಹುಡುಗನಾಗಿದ್ದಾಗ ಬಾಕ್ಸಿಂಗ್ ಆಡಿದ್ದು ಬ್ಯಾಂಟಮ್‌ವೇಟ್‌ನಲ್ಲಿ. ಅಂದರೆ ಐವತ್ನಾಲ್ಕು ಕೆ.ಜಿ. ಆಸುಪಾಸು. 1963ರ ಗೋಲ್ಡನ್ ಗ್ಲೌವ್ಸ್ ರಾಷ್ಟ್ರೀಯ ಪಟ್ಟ ಗೆದ್ದದ್ದೂ ಆ ತೂಕದಲ್ಲೇ. ರಾಕಿ ಮಾರ್ಸಿಯಾನೊನ ಗುರು ಚಾರ್ಲಿ ಗೋಲ್ಡ್‌ಮನ್ ಕೂಡ ಹಳೆಯ ಬ್ಯಾಂಟಮ್‌ವೇಟ್. ಜೋ ಲೂಯಿಸ್‌ನನ್ನು ತಿದ್ದಿ ತೀಡಿದ ಜ್ಯಾಕ್ ಬ್ಲ್ಯಾಕ್‌ಬರ್ನ್ ಲೈಟ್‌ವೇಟ್. ಜೋ ಫ್ರೇಜಿಯರ್‌ಗೆ ಪಾಠ ಹೇಳಿದ ಎಡ್ಡಿ ಫಚ್ ಕೂಡ ಲೈಟ್‌ವೇಟ್ ಹುಡುಗನಾಗಿ ಕೈಗವಸು ತೊಟ್ಟವರು. ಹೆವಿವೇಟ್ ಇತಿಹಾಸದ ದೊಡ್ಡ ದೊಡ್ಡ ಹೆಸರುಗಳ ಹಿಂದೆ ಇಂಥ ಸಣ್ಣ ಆಳುಗಳು ನಿಂತಿದ್ದಾರೆ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಚಿಕ್ಕವನು ಬರೀ ಭಾರದಿಂದ ಎಂದೂ ಗೆಲ್ಲಲಾರ, ಕಾಲು, ದೂರ, ಹೊತ್ತು, ಈ ಮೂರನ್ನು ಅಕ್ಷರಾಭ್ಯಾಸದಂತೆ ಕಲಿತಿರುತ್ತಾನೆ. ಅದನ್ನು ದೊಡ್ಡವನಿಗೆ ಕಲಿಸಿದರೆ ಅವನು ಮಹಾನ್ ಆಗುತ್ತಾನೆ. ಕಲಿಯುವ ಮನಸ್ಸಿರಬೇಕು, ಅಷ್ಟೇ. ಲೆನಾಕ್ಸ್ ಲೂಯಿಸ್ ಏನು ಮಾಡಿದ ಗೊತ್ತೇ? 1994ರಲ್ಲಿ ಲಂಡನ್ನಿನಲ್ಲಿ ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲೇ ಅವನನ್ನು ಕೆಡವಿದಾಗ ಮೆಕಾಲ್‌ನ ಮೂಲೆಯಲ್ಲಿ ನಿಂತಿದ್ದವರು ಇದೇ ಸ್ಟೀವರ್ಡ್. ಆರಡಿ ಐದಿಂಚಿನ ಲೂಯಿಸ್ ಸಿಟ್ಟು ಮಾಡಿಕೊಳ್ಳದೆ, ತನ್ನನ್ನು ಕೆಡವಿಸಿದ ಗುರುವನ್ನೇ ಕರೆತಂದು ಶಿಷ್ಯನಾದ. ಆಮೇಲೆ ಅವನು ಆ ಕಾಲದ ಅತ್ಯುತ್ತಮ ಹೆವಿವೇಟ್ ಆದ.

ಕಲಿಸುವವರೇ ಇಲ್ಲದ, ಕಲಿಸಬೇಕೆಂಬ ಮನಸ್ಸೂ ಯಾರಿಗೂ ಇಲ್ಲದ ದೊಡ್ಡ ಆಳಿನ ಗತಿ ಏನು ಅನ್ನುವುದಕ್ಕೆ ಪ್ರೀಮೊ ಕಾರ್ನೆರಾನ ಕಥೆ ಕೇಳಿ. ಉತ್ತರ ಇಟಲಿಯ ಸೆಕ್ವಾಲ್ಸ್ ಅನ್ನುವ ಊರಿನಲ್ಲಿ 1906ರಲ್ಲಿ ಹುಟ್ಟಿದ ಬಡವರ ಮಗ. ಆರೂವರೆ ಅಡಿಗೆ ಹತ್ತಿರ ಎತ್ತರ, 118-120 ಕೆ.ಜಿ. ಆ ಕಾಲದಲ್ಲಿ ಅದು ನೋಡಲು ಟಿಕೆಟ್ ಇಡುವಂತಹ ಗಾತ್ರ, ಹುಡುಗನಾಗಿದ್ದಾಗ ಫ್ರಾನ್ಸಿನಲ್ಲಿ ಸರ್ಕಸ್ಸಿನಲ್ಲಿ ಇದ್ದದ್ದೂ ಅದಕ್ಕೇ. ಅಲ್ಲಿಂದ ಅವನನ್ನು ಬಾಕ್ಸಿಂಗ್‌ಗೆ ತಂದರು, 1930ರಲ್ಲಿ ಅಮೆರಿಕಕ್ಕೆ ಕರೆದೊಯ್ದರು. ಅಲ್ಲಿ ಅವನ ಸುತ್ತ ಸೇರಿದವರು ನ್ಯೂಯಾರ್ಕಿನ ಭೂಗತರು. ಊರೂರಿಗೆ ಮೆರವಣಿಗೆ, ಎಲ್ಲೆಡೆ ನಾಕೌಟ್. ಅದರಲ್ಲಿ ಎಷ್ಟೋ ಪಂದ್ಯಗಳು ಮೊದಲೇ ಮಾತಾಡಿ ಇಟ್ಟವು ಅನ್ನುವ ಗುಮಾನಿ ಆಗಲೂ ಇತ್ತು, ಈಗಲೂ ಇದೆ. 1933ರ ಜೂನ್ 29ರಂದು ಜ್ಯಾಕ್ ಶಾರ್ಕಿಯನ್ನು ಕೆಡವಿ ಕಾರ್ನೆರಾ ವಿಶ್ವ ಚಾಂಪಿಯನ್ನನೂ ಆದ. ದುಡ್ಡು ಮಾತ್ರ ಅವನ ಕೈ ಸೇರಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಒಂದು ವರ್ಷವೂ ತುಂಬಿರಲಿಲ್ಲ, 1934ರ ಜೂನ್ 14ರಂದು ಮ್ಯಾಕ್ಸ್ ಬೇರ್ ಎದುರಾದ. ಬೇರ್ ಅವನಿಗಿಂತ ಇಪ್ಪತ್ತು ಕೆ.ಜಿ.ಗೂ ಮೇಲೆ ಹಗುರ, ಆದರೆ ಬಲಗೈ ನಿಜವಾದದ್ದು. ಕಾರ್ನೆರಾ ಹತ್ತಕ್ಕೂ ಹೆಚ್ಚು ಸಲ ನೆಲಕ್ಕೆ ಬಿದ್ದ. ಕೆಲವು ಸಲ ಬೀಳುವಾಗ ಬೇರ್‌ನನ್ನೂ ಹಿಡಿದುಕೊಂಡು ಇಬ್ಬರೂ ಉರುಳಿದರು. ಹನ್ನೊಂದನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾರನೇ ವರ್ಷ ಇಪ್ಪತ್ತೊಂದರ ಹುಡುಗ ಜೋ ಲೂಯಿಸ್ ಆರನೇ ಸುತ್ತಿನಲ್ಲಿ ಅವನನ್ನು ಮುಗಿಸಿದ. ನೀವು ಈ ಕಥೆ ಕೇಳಿ ನಗುತ್ತೀರಿ ಅಂತ ಗೊತ್ತು. ನಗಬೇಡಿ. ಅಷ್ಟು ಸಲ ಬಿದ್ದವನು ಅಷ್ಟು ಸಲ ಎದ್ದ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಧೈರ್ಯ ಅವನದು, ಸೋಲು ಅವನನ್ನು ಗಾತ್ರ ನೋಡಿ ಮಾರಿದವರದು. ಆಮೇಲೆ ವೃತ್ತಿ ಕುಸ್ತಿಗೆ ಹೋಗಿ ನಾಲ್ಕು ಕಾಸು ಮಾಡಿಕೊಂಡ, ಕೊನೆಗೆ ಹುಟ್ಟೂರಿಗೆ ಮರಳಿ 1967ರಲ್ಲಿ ತೀರಿಕೊಂಡ ಅನ್ನುವುದೇ ಸಮಾಧಾನ.

ಇಂಥವು ಬೇಕಾದಷ್ಟಿವೆ, ಎಲ್ಲವನ್ನೂ ಎಳೆಯುವುದಿಲ್ಲ. 1919ರ ಜುಲೈ 4ರಂದು ಟೊಲೀಡೊದಲ್ಲಿ 111 ಕೆ.ಜಿ.ಯ ಜೆಸ್ ವಿಲ್ಲರ್ಡ್‌ನನ್ನು 85 ಕೆ.ಜಿ.ಯ ಜ್ಯಾಕ್ ಡೆಂಪ್ಸಿ ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. ಏಳಡಿಯ ನಿಕೊಲಾಯ್ ವಾಲುಯೆವ್ ಹೆವಿವೇಟ್ ಪಟ್ಟ ಧರಿಸಿದವರಲ್ಲೆಲ್ಲ ಅತಿ ಎತ್ತರದವನು, ಅತಿ ತೂಕದವನು. 2009ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅವನಿಗಿಂತ ಸುಮಾರು 45 ಕೆ.ಜಿ. ಕಡಿಮೆಯಿದ್ದ ಡೇವಿಡ್ ಹೇ ಸುತ್ತ ಸುತ್ತ ಓಡಾಡಿ ಪಟ್ಟ ಕಿತ್ತುಕೊಂಡ. ವಾಲುಯೆವ್ ಐವತ್ತು ಪಂದ್ಯ ಗೆದ್ದು ಸೋತದ್ದು ಎರಡೇ. ಲೆಕ್ಕ ಚೆನ್ನಾಗಿಯೇ ಇದೆ. ಆದರೂ ಮಹಾನ್ ಹೆವಿವೇಟ್‌ಗಳ ಪಟ್ಟಿ ಮಾಡುವಾಗ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಎಲ್ಲರ ಬಾಯಲ್ಲೂ ಬರುವ ಹೆಸರು ಮಾರ್ಸಿಯಾನೊನದು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಆರಡಿಗೆ ಒಂದೂವರೆ ಇಂಚು ಕಡಿಮೆ, 84 ಕೆ.ಜಿ. ಆಸುಪಾಸು, ತೋಳಿನಳತೆ 68 ಇಂಚು. ಫ್ಯೂರಿಯದು 85 ಅಂತಾರೆ, ಹೋಲಿಸಿ ನೋಡಿ. ಗುರು ಗೋಲ್ಡ್‌ಮನ್ ಈ ಗಿಡ್ಡನನ್ನು ತುದಿಗಾಲಿನಲ್ಲಿ ನಿಲ್ಲಿಸಿ ಎತ್ತರ ಮಾಡಲು ಹೋಗಲಿಲ್ಲ, ಇನ್ನಷ್ಟು ಬಗ್ಗಿಸಿ ಇನ್ನೂ ಗಿಡ್ಡ ಮಾಡಿದರು. ಎದುರಾಳಿಯ ಹೊಡೆತ ತಲೆಯ ಮೇಲಿಂದ ಹೋಗಲಿ, ಇವನದು ಕೆಳಗಿನಿಂದ ಏಳಲಿ ಅಂತ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ಅವನನ್ನು ಮೊದಲ ಸುತ್ತಿನಲ್ಲೇ ಕೆಡವಿದ್ದ. ಹನ್ನೆರಡು ಸುತ್ತು ಮುಗಿದಾಗ ಅಂಕದಲ್ಲೂ ಮಾರ್ಸಿಯಾನೊ ಹಿಂದೆ. ಹದಿಮೂರರಲ್ಲಿ ವಾಲ್ಕಾಟ್ ಹಗ್ಗದ ಕಡೆಗೆ ಸರಿದಾಗ ಒಂದೇ ಒಂದು ಮೊಟಕು ಬಲಗೈ ಬಿತ್ತು. ಅದು ಬಂದ ದೂರ ಎಷ್ಟು ಕಡಿಮೆ ಅಂದರೆ ಚಲನಚಿತ್ರದಲ್ಲಿ ನಿಧಾನವಾಗಿ ನೋಡಿದರೇ ಕಾಣುವುದು. ವಾಲ್ಕಾಟ್ ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡಂತೆ ನಿಧಾನಕ್ಕೆ ಮಂಡಿಯೂರಿ ಕುಸಿದ. ಮಾರ್ಸಿಯಾನೊ ಆಡಿದ್ದು 49 ಪಂದ್ಯ, ಗೆದ್ದದ್ದು 49, ಅದರಲ್ಲಿ 43 ನಾಕೌಟ್.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: 'ಮಾರ್ಸಿಯಾನೊ ಇವತ್ತು ಬಂದರೆ ಫ್ಯೂರಿಯನ್ನು ಸೋಲಿಸುತ್ತಾನಾ?' ಪ್ರಾಮಾಣಿಕವಾಗಿ ಹೇಳುತ್ತೇನೆ, ಕಷ್ಟ. ಇವತ್ತಿನ ಲೆಕ್ಕದಲ್ಲಿ ಅವನು ಹೆವಿವೇಟೇ ಅಲ್ಲ, ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್. ಹೆವಿವೇಟ್‌ಗಳ ಗಾತ್ರ ದಶಕದಿಂದ ದಶಕಕ್ಕೆ ಬೆಳೆದಿದೆ. ಆದರೆ ಅದು ಯಾರು ಯಾರನ್ನು ಹೊಡೆಯಬಹುದು ಅನ್ನುವ ಪ್ರಶ್ನೆ, ಯಾರು ಮಹಾನ್ ಅನ್ನುವುದಲ್ಲ. ಎರಡನ್ನೂ ಕಲಸಿಬಿಡುವುದರಿಂದಲೇ ನಿಮ್ಮ ಜಗಳಗಳು ಮುಗಿಯುವುದಿಲ್ಲ. ಒಬ್ಬ ತನ್ನ ಕಾಲದಲ್ಲಿ ಯಾರನ್ನು ಎದುರಿಸಿದ, ಯಾರಿಂದ ತಪ್ಪಿಸಿಕೊಂಡ, ಸೋಲುವ ಹೊತ್ತಿನಲ್ಲಿ ಏನು ಮಾಡಿದ, ಎಷ್ಟು ಕಾಲ ನಿಂತ, ಇವನ್ನು ಕೇಳಿ. 1937ರಿಂದ 25 ಸಲ ಪಟ್ಟ ಉಳಿಸಿಕೊಂಡ ಜೋ ಲೂಯಿಸ್ ಇವತ್ತಿನ ಕಣ್ಣಿಗೆ ಸಾಧಾರಣ ಗಾತ್ರದವನು. ಆ 25ನ್ನು ಇವತ್ತಿಗೂ ಯಾವ ಹೆವಿವೇಟೂ ಮುಟ್ಟಿಲ್ಲ.

ಹಾಗಾದರೆ ಪಂದ್ಯ ಹೇಗೆ ನೋಡಬೇಕು? ಮೊದಲನೆಯದಾಗಿ, ಮುಖ ನೋಡುವುದು ಬಿಟ್ಟು ಕಾಲು ನೋಡಿ. ಹೊಡೆತ ಹುಟ್ಟುವುದು ಪಾದದಲ್ಲಿ, ಸೊಂಟ ತಿರುಗಿ ಭುಜಕ್ಕೆ ಬಂದು ಮುಷ್ಟಿ ತಲುಪುತ್ತದೆ. ಕಾಲು ಅಡ್ಡಾದಿಡ್ಡಿಯಾಗಿದ್ದರೆ 130 ಕೆ.ಜಿ. ಇದ್ದರೂ ಹೊಡೆತ ತಳ್ಳಿದಂತೆ ಇರುತ್ತದೆ. ಎತ್ತರದವನು ತನಗಿಂತ ಗಿಡ್ಡನೆದುರು ಬಗ್ಗಿ ಬಗ್ಗಿ ಆಡುತ್ತಿದ್ದರೆ ತನ್ನ ಆಸ್ತಿಯನ್ನು ತಾನೇ ಬಿಟ್ಟುಕೊಡುತ್ತಿದ್ದಾನೆ ಅಂತ ತಿಳಿಯಿರಿ. ಮೊದಲ ಮೂರು ಸುತ್ತು ನೋಡಿ ಕೂಗಾಡಬೇಡಿ, ಏಳು ಎಂಟರ ಹೊತ್ತಿಗೆ ಯಾರ ಬಾಯಿ ತೆರೆದಿದೆ, ಯಾರ ಕೈ ಎದೆಮಟ್ಟಕ್ಕೆ ಇಳಿದಿದೆ ಅಂತ ನೋಡಿ. ಬಿದ್ದವನು ಎದ್ದಮೇಲೆ ಏನು ಮಾಡುತ್ತಾನೆ ಅನ್ನುವುದನ್ನಂತೂ ತಪ್ಪಿಸಬೇಡಿ. 2018ರ ಡಿಸೆಂಬರ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಡಿಯೊಂಟೆ ವೈಲ್ಡರ್‌ನ ಹೊಡೆತಕ್ಕೆ ಹನ್ನೆರಡನೇ ಸುತ್ತಿನಲ್ಲಿ ಅಂಗಾತ ಮಲಗಿದ್ದ ಫ್ಯೂರಿ ಎಣಿಕೆ ಮುಗಿಯುವಷ್ಟರಲ್ಲಿ ಎದ್ದ, ಎದ್ದದ್ದಲ್ಲದೆ ಉಳಿದ ಹೊತ್ತು ತಿರುಗಿ ಹೊಡೆದ. ಅವನನ್ನು ದೊಡ್ಡವನು ಅನ್ನುವುದಾದರೆ ಆ ಎರಡು ನಿಮಿಷಕ್ಕೆ ಅನ್ನಿ.

ತೂಕದ ಪಟ್ಟಿಯನ್ನು ನೋಡಲೇಬೇಡಿ ಅಂತಲ್ಲ. ನೋಡಿ, ಆದರೆ ಎದುರಾಳಿಯದ್ದರ ಜೊತೆಗಲ್ಲ, ಅವನದೇ ಹಿಂದಿನ ಪಂದ್ಯದ ಜೊತೆಗೆ ಹೋಲಿಸಿ. ಆ್ಯಂಡಿ ರೂಯಿಜ್ 2019ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ಆಂಟನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಮುಗಿಸಿದಾಗ 121 ಕೆ.ಜಿ. ಚಿಲ್ಲರೆ. ಹೊಟ್ಟೆ ನೋಡಿ ನಕ್ಕವರೆಲ್ಲ ಅವನ ಕೈಯ ವೇಗ ನೋಡಿ ಬಾಯಿ ಮುಚ್ಚಿದರು. ಅದೇ ಡಿಸೆಂಬರ್‌ನ ಮರುಪಂದ್ಯಕ್ಕೆ 128 ಕೆ.ಜಿ.ಗೆ ಬಂದ. ನೆಟ್ಟಗೆ ತರಬೇತಿ ಮಾಡಲಿಲ್ಲ ಅಂತ ಆಮೇಲೆ ತಾನೇ ಒಪ್ಪಿಕೊಂಡ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಜೋಶುವಾ ಅವನನ್ನು ಹತ್ತಿರಕ್ಕೇ ಬಿಡದೆ ಅಂಕಗಳ ಮೇಲೆ ಪಟ್ಟ ವಾಪಸ್ ತೆಗೆದುಕೊಂಡ.

ಇನ್ನು, ಮನೆಯಲ್ಲಿ ಎತ್ತರದ ಹುಡುಗನನ್ನು ಇಟ್ಟುಕೊಂಡು ಬಾಕ್ಸಿಂಗ್‌ಗೆ ಸೇರಿಸುವ ಯೋಚನೆಯಲ್ಲಿರುವ ತಂದೆ ತಾಯಂದಿರಿಗೆ ನಾಲ್ಕು ಮಾತು. ಸೇರಿಸಿ, ಒಳ್ಳೆಯದೇ. ನಮ್ಮ ದೇಶದ ಸತೀಶ್ ಕುಮಾರ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿ, ಆ ಮೆಟ್ಟಿಲು ಹತ್ತಿದ ಮೊದಲ ಭಾರತೀಯ ಸೂಪರ್ ಹೆವಿವೇಟ್ ಆದರು. ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡೇ ಕ್ವಾರ್ಟರ್ ಫೈನಲ್‌ನಲ್ಲಿ ವಿಶ್ವ ಚಾಂಪಿಯನ್ ಬಾಖೊದಿರ್ ಜಲೊಲೊವ್ ಎದುರು ನಿಂತರು. ಸೋತರು, ಆದರೆ ಹಿಂದೆ ಸರಿಯಲಿಲ್ಲ. ಆ ಗಟ್ಟಿತನ ಡಬ್ಬಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಹದಿನೈದರ ಹುಡುಗನಿಗೆ ಯಾರೋ ಜಿಮ್ಮಿನವನು ಕೊಟ್ಟ ಪುಡಿ ಕುಡಿಸಿ ಮೈ ಉಬ್ಬಿಸಬೇಡಿ. ಸೂಜಿಮದ್ದಿನ ಮಾತೆತ್ತಿದವನ ಕಡೆ ತಲೆ ಹಾಕಿಯೂ ಮಲಗಬೇಡಿ. ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಹಾಲು, ಹೊತ್ತಿಗೆ ಸರಿಯಾಗಿ ನಿದ್ದೆ ಕೊಡಿ. ಮೈ ತಾನಾಗಿ ಬರುತ್ತದೆ.

ಗಾತ್ರ ನೋಡಿ ಮೊದಲ ವಾರವೇ ದೊಡ್ಡವರ ಜೊತೆ ರಿಂಗಿಗೆ ಇಳಿಸುವ ಕೋಚ್ ಸಿಕ್ಕರೆ ಮಗನ ಕೈ ಹಿಡಿದು ವಾಪಸ್ ಕರೆದುಕೊಂಡು ಬನ್ನಿ. ಮೈ ದೊಡ್ಡದಾದರೂ ಅವನ ತಲೆಯೊಳಗಿನದು ಇನ್ನೂ ಮಗುವಿನದೇ, ಪೆಟ್ಟು ಅಲ್ಲಿಗೇ ಬೀಳುವುದು. ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ಮಂಪರು ಏನಾದರೂ ಕಂಡರೆ 'ಗಂಡು ಹುಡುಗ, ಸುಧಾರಿಸಿಕೊಳ್ತಾನೆ' ಅನ್ನಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ, ಅವರು ಹೇಳುವವರೆಗೆ ಕೈಗವಸು ಮುಟ್ಟಿಸಬೇಡಿ. ಮೊದಲ ಕೆಲವು ತಿಂಗಳು ಹಗ್ಗ ಜಿಗಿಯಲಿ, ಕನ್ನಡಿ ಮುಂದೆ ಹೆಜ್ಜೆ ಹಾಕಲಿ, ಎಡಗೈಯೊಂದನ್ನೇ ಸಾವಿರ ಸಲ ಚಾಚಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅವನಿಗೆ ಬೇಜಾರಾಗುತ್ತದೆ, ಆಗಲಿ. ನಿಮಗೂ ಶುಲ್ಕ ದಂಡವಾಯಿತು ಅನ್ನಿಸುತ್ತದೆ, ಅನ್ನಿಸಲಿ. ಮತ್ತೆ, ಕಲಿಸಲು ಬಂದವರು ನಿಮ್ಮ ಮಗನ ಭುಜದಷ್ಟೂ ಎತ್ತರವಿಲ್ಲ ಅಂತ ಮುಖ ಸಿಂಡರಿಸಬೇಡಿ. ಶುಲ್ಕ ಕಟ್ಟಿ, ನಮಸ್ಕಾರ ಹೇಳಿ, ಹುಡುಗನನ್ನು ಅವರ ಕೈಗೆ ಒಪ್ಪಿಸಿ ಬನ್ನಿ.